ಸ್ವಂತ ಕೈಯ ಕಂಪ್ಯೂಟರ್

ಬೆಳಿಗ್ಗೆ ಒಂಬತ್ತೂಕಾಲಿಗೆ ಕಂಪ್ಯೂಟರ್ ಮೊದಲ ಸಲ ಟಪ್ಪೆಂದು ಆರಿಹೋದಾಗ ನಕ್ಷೆಗಾರ ಅದನ್ನು ಬೈಯಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು. ಅಂಗಡಿಯಲ್ಲಿ ಸಿಗುವ ಸಿದ್ಧ ಡಬ್ಬ ಬೇಡವೆಂದು ಬಿಡಿಭಾಗಗಳನ್ನು ಒಂದೊಂದಾಗಿ ಹೊತ್ತು ತಂದು, ಎರಡು ಭಾನುವಾರ ಊಟದ ಮೇಜನ್ನೆಲ್ಲ ಆಕ್ರಮಿಸಿ, ಅಮ್ಮ ನೆಲದ ಮೇಲೆ ಕೂತು ಉಣ್ಣುವಂತೆ ಮಾಡಿ, ತಾನೇ ಜೋಡಿಸಿದ ಯಂತ್ರ ಅದು. ಕೊನೆಗೆ ಮೂರು ಸ್ಕ್ರೂ ಮಿಕ್ಕಿದ್ದವು. ಬಿಡಿಭಾಗ ಮಾಡಿದವರು ಧಾರಾಳಿಗಳು ಎಂದು ಅವನ್ನು ಡಬ್ಬಿಯಲ್ಲಿ ಹಾಕಿಟ್ಟಿದ್ದ.

ಹದಿನೆಂಟು ವರ್ಷ ಎಂಜಿನಿಯರರ ಕಚೇರಿಯಲ್ಲಿ ಕೂತು, ಬೇರೆಯವರ ಹೆಸರಿನಲ್ಲಿ ಬೇರೆಯವರ ಬಚ್ಚಲುಮನೆ ಬರೆದು ಬರೆದು ಅವನ ಬೆನ್ನು ಬಾಗಿತ್ತು. ಈಗ ಮಕ್ಕಳ ಗ್ರಂಥಾಲಯವೊಂದರ ನಕ್ಷೆಗೆ ಸ್ಪರ್ಧೆ ಕರೆದಿದ್ದರು. ಎರಡು ಅಂತಸ್ತು. ಗೆದ್ದವರ ಹೆಸರನ್ನು ಬಾಗಿಲ ಪಕ್ಕದ ಕಲ್ಲಿನ ಮೇಲೆ ಕೆತ್ತಿಸುತ್ತಾರಂತೆ. ಗಡುವು ಇವತ್ತು ಸಂಜೆ ಐದು ಗಂಟೆ. ಅವನು ಹೊಟ್ಟೆನೋವೆಂದು ರಜೆ ಹಾಕಿ ಕೂತಿದ್ದ. ಗೋಡೆ, ಕಿಟಕಿ, ಕಪಾಟು ಎಲ್ಲ ನಿನ್ನೆಯೇ ಮುಗಿದಿದ್ದವು. ಉಳಿದದ್ದು ಮೆಟ್ಟಿಲು ಮಾತ್ರ, ಅದೇ ಅವನ ಮುದ್ದಿನ ಯೋಚನೆ. ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತಿಕೊಂಡು ಏರುವ ಮೆಟ್ಟಿಲು, ಅದರ ಪಕ್ಕದುದ್ದಕ್ಕೂ ಒಂದೊಂದು ಮಗು ಕೂತು ಓದುವಷ್ಟು ಗೂಡು. ನೆನೆದರೇ ಅವನ ಮೈ ಜುಮ್ಮೆನ್ನುತ್ತಿತ್ತು.

"ಕಾಲು ಅಲ್ಲಾಡಿಸ್ಬೇಡ್ವೋ," ಎಂದಳು ಮಂಚದ ಮೇಲೆ ಸ್ವೆಟರ್ ಹೆಣೆಯುತ್ತಿದ್ದ ಅಮ್ಮ. "ಖುಷಿಯಾದ್ರೆ ಸಾಕು, ಶುರು."

"ಅಮ್ಮಾ, ಇಲ್ಲಿ ಕಂಪ್ಯೂಟರ್ ಸತ್ತು ಬಿದ್ದಿದೆ, ನಿಂಗೆ ನನ್ ಕಾಲಿನ ಚಿಂತೆ."

ಗುಂಡಿ ಒತ್ತಿದ. ಕಂಪ್ಯೂಟರ್ ಎದ್ದಿತು. ಗೋಡೆ ಕಿಟಕಿಗಳೆಲ್ಲ ಇದ್ದವು, ಮೆಟ್ಟಿಲು ಮಾತ್ರ ಹೋಗಿತ್ತು. ಶಾಯಿಯಲ್ಲಿ ಕೈ ಪಳಗಿದ ಮನುಷ್ಯ ಅವನು; ಪೂರ್ತಿಯಾಗದ ಕೆಲಸವನ್ನು ಸೇವ್ ಮಾಡುವುದು ಹೇಡಿಗಳ ಲಕ್ಷಣ ಎಂದು ನಂಬಿದ್ದ. ಮತ್ತೆ ಬರೆದ. ಇನ್ನೇನು ಕೊನೆಯ ಗೂಡು ಬರೆಯಬೇಕು, ಟಪ್! ಈ ಸಲ ಅವನು ಹಾಕಿದ ಕೂಗಿಗೆ ಪಕ್ಕದ ಮನೆಯ ಬಾಗಿಲು ತೆರೆಯಿತು.

ಬಂದವರು ರೇಡಿಯೋ ಅಂಕಲ್. ನಲವತ್ತು ವರ್ಷ ರೇಡಿಯೋ ರಿಪೇರಿ ಮಾಡಿ, ಈಗ ರಿಪೇರಿಗೆ ರೇಡಿಯೋಗಳೇ ಸಿಗದೆ ಚಡಪಡಿಸುತ್ತಿದ್ದ ಹಿರಿಯರು. ಜೇಬಿನಲ್ಲಿ ಪೆನ್ನಿನ ಜಾಗದಲ್ಲಿ ಸ್ಕ್ರೂಡ್ರೈವರ್ ಇಟ್ಟುಕೊಂಡೇ ಓಡಾಡುತ್ತಿದ್ದರು.

"ರ್ಯಾಮ್ ಅಂತಾರಲ್ಲ, ಆ ಪಟ್ಟಿ ತೆಗಿ. ಅಳಿಸೋ ರಬ್ಬರ್ ಕೊಡು," ಎಂದರು. ಬೆಳ್ಳಿ ಲೋಟ ಬೆಳಗುವಂತೆ ಅದನ್ನು ಉಜ್ಜಿ ಸಿಕ್ಕಿಸಿದರು. ಆಮೇಲೆ ತಾವೇ ಕುರ್ಚಿಯಲ್ಲಿ ಕೂತು ಒಂದು ಗಂಟೆ ಇಸ್ಪೀಟು ಆಡಿದರು. ಕಂಪ್ಯೂಟರ್ ಕಮಕ್ ಕಿಮಕ್ ಎನ್ನಲಿಲ್ಲ.

"ಕೈಗುಣ ಕಣೋ, ಕೈಗುಣ!"

ನಕ್ಷೆಗಾರ ಕುಣಿಯುತ್ತ ಕೂತ. ಮೆಟ್ಟಿಲು ಮುಕ್ಕಾಲು ಏರಿತ್ತು. ಟಪ್!

"ಶಾಖ ಜಾಸ್ತಿ ಆಗಿದೆ, ಅದಕ್ಕೇ," ಎಂದು ಬಾಗಿಲಲ್ಲಿ ಧ್ವನಿ ಕೇಳಿಸಿತು. ಮೇಲಿನ ಮನೆಯ ಬ್ಯಾಂಕ್ ಮೇಡಂ ಮೇಜಿನ ಫ್ಯಾನನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದಿದ್ದರು. ಕಂಪ್ಯೂಟರಿನ ಪಕ್ಕದ ತಗಡು ಕಳಚಿ, ಫ್ಯಾನು ಹೊಟ್ಟೆಯೊಳಕ್ಕೆ ಬೀಸುವಂತೆ ಇಟ್ಟರು. ಕೋಣೆಯ ಕಾಗದಗಳೆಲ್ಲ ಗಾಳಿಪಟವಾದವು. ಮೇಡಂ ಅರ್ಧ ಗಂಟೆ ಕೂತು ತಮ್ಮ ಅಕ್ಕನಿಗೆ ಉದ್ದದ ಪತ್ರ ಟೈಪ್ ಮಾಡಿದರು. ಏನೂ ಆಗಲಿಲ್ಲ. ನಕ್ಷೆಗಾರ ಕೂತ. ನಾಲ್ಕನೇ ಸಲ ಮೆಟ್ಟಿಲು ಕುಸಿಯಿತು.

"ಉಜ್ಜಿದ್ದೇ ತಪ್ಪಾಯ್ತು," ಎಂದರು ಮೇಡಂ.

"ಫ್ಯಾನಿಟ್ಟು ಧೂಳು ಊದಿದ್ಯಾರು?" ಎಂದರು ಅಂಕಲ್.

"ಕಾಲು," ಎಂದಳು ಅಮ್ಮ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಆಗ ನಕ್ಷೆಗಾರನಿಗೆ ಆ ಮೂರು ಸ್ಕ್ರೂ ನೆನಪಾದವು. ಮಧ್ಯಾಹ್ನದ ಹೊತ್ತಿಗೆ ಅವನ ಕಂದ ಮತ್ತೆ ಊಟದ ಮೇಜಿನ ಮೇಲೆ ಚೂರುಚೂರಾಗಿ ಮಲಗಿತ್ತು. ಒಬ್ಬರು ಬಿಚ್ಚಿದ್ದನ್ನು ಇನ್ನೊಬ್ಬರು ಸಿಕ್ಕಿಸಿ, ಸಿಕ್ಕಿಸಿದ್ದನ್ನು ಮತ್ತೊಬ್ಬರು ಬಿಚ್ಚಿ, ಅಂತೂ ನಾಲ್ಕು ಗಂಟೆಗೆ ಮತ್ತೆ ಜೋಡಿಸಿದರು. ಈ ಸಲ ಐದು ಸ್ಕ್ರೂ ಮಿಕ್ಕವು. ಆದರೂ ಕಂಪ್ಯೂಟರ್ ಎದ್ದಿತು! ಅಂಕಲ್ ಎಡಕ್ಕೆ, ಮೇಡಂ ಬಲಕ್ಕೆ ನಿಂತರು. ನಕ್ಷೆಗಾರ ಉಸಿರು ಬಿಗಿಹಿಡಿದು ಐದನೇ ಸಲ ಮೆಟ್ಟಿಲು ಬರೆದ. ಸುತ್ತು ಏರಿತು, ಗೂಡು ಕೂತಿತು, ಇನ್ನೊಂದೇ ಗೆರೆ.

ಟಪ್!

ಅಮ್ಮ ಹೆಣೆಯುವ ಕಡ್ಡಿ ಎಸೆದಳು. ಉಣ್ಣೆಯ ಉಂಡೆ ಉರುಳಿ ಮೇಜಿನ ಕೆಳಗೆ ಹೋಯಿತು. ಅದನ್ನು ತೆಗೆಯಲು ಬಗ್ಗಿದವಳು ಅಲ್ಲಿಂದಲೇ ಕೂಗಿದಳು: "ಎಲ್ರೂ ಬಗ್ಗಿ ನೋಡ್ರಪ್ಪಾ, ನಿಮ್ಮ ರೋಗ ಇಲ್ಲಿದೆ!"

ಮೂವರೂ ಬಗ್ಗಿದರು. ಗೋಡೆಯ ಪ್ಲಗ್ಗು ಸಡಿಲವಾಗಿ ನೇತಾಡುತ್ತಿತ್ತು. ಅದರ ವಯರಿಗೆ ತಾಗಿದಂತೆ ನಕ್ಷೆಗಾರನ ಬಲಗಾಲು, ಹೊಲಿಗೆಯಂತ್ರದ ಸೂಜಿಯಂತೆ ಇನ್ನೂ ಕುಣಿಯುತ್ತಲೇ ಇತ್ತು.

"ಪ್ಲಗ್ ಬದಲಾಯಿಸ್ತೀನಿ," ಎಂದು ಅಂಕಲ್ ಸ್ಕ್ರೂಡ್ರೈವರ್ ಎಳೆದರು.

"ಇನ್ಯಾರೂ ಏನೂ ಮುಟ್ಬೇಡಿ!" ಅಮ್ಮ ಟವೆಲ್ ತಂದು ಮಗನ ಕಾಲನ್ನು ಕುರ್ಚಿಯ ಕಾಲಿಗೆ ಬಿಗಿದಳು. "ಈಗ ಒತ್ತು."

ಕಂಪ್ಯೂಟರ್ ಎದ್ದಿತು, ಆರದೆ ಉಳಿಯಿತು. ಗಂಟೆ ನಾಲ್ಕೂವರೆ. ನಕ್ಷೆಗಾರನ ಕಣ್ಣು ಹಾಳೆಯ ಕೆಳಗಿನ ಮೂಲೆಗೆ ಹೋಯಿತು. ಅಲ್ಲಿ "ವಿನ್ಯಾಸ" ಎಂಬುದರ ಮುಂದೆ ಜಾಗ ಖಾಲಿ ಇತ್ತು. ಹದಿನೆಂಟು ವರ್ಷದಲ್ಲಿ ಮೊದಲ ಬಾರಿಗೆ ಅಲ್ಲಿ ತನ್ನ ಹೆಸರು ಟೈಪ್ ಮಾಡಿದ. ಅಕ್ಷರ ಚಿಕ್ಕದೆನಿಸಿತು, ದೊಡ್ಡದು ಮಾಡಿದ. ಬೇರೆ ಶೈಲಿಯ ಅಕ್ಷರ ಹಾಕಿ ನೋಡಿದ. ಅವನ ಕಣ್ಣು ತುಂಬಿ ಬಂತು. ಸೇವ್ ಮಾಡಿ ಕಳಿಸಿಯೇಬಿಟ್ಟ. ನಾಲ್ಕು ನಲವತ್ತಕ್ಕೆ "ತಲುಪಿದೆ" ಎಂಬ ಉತ್ತರವೂ ಬಂತು!

ಮನೆ ಗದ್ದಲವೋ ಗದ್ದಲ. ಅಂಕಲ್ ಅವನ ಕಾಲಿನ ಕಟ್ಟು ಬಿಚ್ಚಿ, ಅದೇ ಟವೆಲಿನಿಂದ ತಮ್ಮ ಬೆವರು ಒರೆಸಿಕೊಂಡರು. ತಮ್ಮ ಫ್ಯಾನಿಗೂ ಕೃತಜ್ಞತೆ ಸಲ್ಲಬೇಕು ಎಂದರು ಮೇಡಂ. ಅಷ್ಟರಲ್ಲಿ ಫೋನ್ ರಿಂಗಾಯಿತು. ಸ್ಪರ್ಧೆಯ ಕಚೇರಿಯ ಗುಮಾಸ್ತ.

"ಸರ್, ಅದ್ಭುತವಾಗಿದೆ! ನಮ್ಮ ಸಾಹೇಬ್ರು ಕುರ್ಚಿಯಿಂದ ಎದ್ದು ನಿಂತು ನೋಡ್ತಿದ್ದಾರೆ. ಒಂದೇ ಒಂದು ಸಂಶಯ ಅವರಿಗೆ. ಮಕ್ಕಳು ಮೇಲಕ್ಕೆ ಹೋಗೋದು ಹೇಗೆ?"

ನಕ್ಷೆಗಾರ ಪರದೆಯತ್ತ ತಿರುಗಿ ನೋಡಿದ; ಮೆಟ್ಟಿಲಿನ ಜಾಗ ಖಾಲಿ ಇತ್ತು. ಐದು ಸಲ ಬರೆದಿದ್ದ ಮೆಟ್ಟಿಲು ಅವನ ಕಣ್ಣಲ್ಲಿ ಎಷ್ಟು ಗಟ್ಟಿಯಾಗಿ ನಿಂತಿತ್ತೆಂದರೆ, ಹಾಳೆಯಲ್ಲಿ ಇದೆಯೋ ಇಲ್ಲವೋ ಎಂದು ನೋಡಿಯೇ ಇರಲಿಲ್ಲ.

"ಗಾಬರಿ ಬೇಡ ಸರ್, ಐದಕ್ಕೆ ಇನ್ನೂ ಹದಿನೈದು ನಿಮಿಷ ಇದೆ. ಸೇರಿಸಿ ಕಳಿಸಿ. ಸಾಹೇಬ್ರೇ ಕಾಯ್ತಿದ್ದಾರೆ, ನಿಮ್ದೇ ಗೆಲ್ಲೋ ಹಾಗಿದೆ!"

ನಿಮ್ದೇ ಗೆಲ್ಲೋ ಹಾಗಿದೆ! ನಕ್ಷೆಗಾರ ಕುರ್ಚಿಗೆ ಹಾರಿದ. ಆರನೇ ಸಲ ಬೆರಳುಗಳು ತಾವಾಗಿಯೇ ಓಡಿದವು. ಸುತ್ತು, ಗೂಡು, ಸುತ್ತು, ಗೂಡು. ನಾಲ್ಕು ಐವತ್ತೆಂಟು. ಇನ್ನೊಂದೇ ಗೆರೆ.

"ಟವೆಲ್ ಎಲ್ರೀ?" ಎಂದು ಅಮ್ಮ ಚೀರಿದಳು.

ಟವೆಲ್ ಅಂಕಲ್ ಹೆಗಲ ಮೇಲಿತ್ತು.

ಟಪ್!