ನೆಂಟರ ಮನೆಯ ಕೆಂಪು ಕಾರು

ಆಸೆಗೆ ಹೊತ್ತುಗೊತ್ತಿಲ್ಲ ಎನ್ನುತ್ತಾರೆ; ನನ್ನ ಆಸೆಗೆ ವಯಸ್ಸೂ ಇಲ್ಲ. ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುವ ಈ ಪ್ರಾಯದಲ್ಲಿ, ನೆಲಕ್ಕೆ ಅಂಟಿಕೊಂಡು ಓಡುವ ಎರಡು ಬಾಗಿಲಿನ ಕೆಂಪು ಸ್ಪೋರ್ಟ್ಸ್ ಕಾರು ನನಗೇಕೆ ಬೇಕಾಯಿತೋ, ನನಗೂ ತಿಳಿಯದು. ಕುಂದಾಪುರದಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡವನಿಗೆ ಹೊಸದನ್ನು ಕೊಳ್ಳುವ ತಾಕತ್ತೆಲ್ಲಿ? ಹಳೆಯದಾದರೂ ಸರಿ ಎಂದು ಹಟ ಹಿಡಿದೆ. ಕೇಳಿ ಕೇಳಿ ಸಾಕಾದ ನನ್ನ ಹೆಂಡತಿ ಸುಜಾತ ಒಂದು ಷರತ್ತು ಹಾಕಿದಳು. "ಕಾಣಿ, ಒಂದೇ ಒಂದ್ ಕಾರ್ ಕಾಂಬುಕೆ ಹೋಪ. ಸಮ ಇದ್ರೆ ತಕಣಿ. ಇಲ್ದಿರೆ ಇನ್ನ್ ಜನ್ಮದಗೆ ಕಾರಿನ್ ಸುದ್ದಿ ಎತ್ತುಕಾಗ."

ಇರುವುದು ಒಂದೇ ಅವಕಾಶ ಎಂದ ಮೇಲೆ ನಾನು ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಪಂಡಿತನಾದೆ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ ಎಂದರ್ಥ. ಬಿಳಿ ಹೊಗೆ ನಿಲ್ಲದೆ ಬಂದರೆ ನೀರು ಒಳಗೆ ಸೇರಿದೆ. ಟೈರು ಒಂದೇ ಬದಿ ಸವೆದಿದ್ದರೆ, ಬಾಗಿಲಿನ ಸಂದು ಒಂದೆಡೆ ಅಗಲವಾಗಿದ್ದರೆ ಎಲ್ಲೋ ಗುದ್ದಿದೆ. ಎಲ್ಲಕ್ಕಿಂತ ಮೊದಲು ಬಾನೆಟ್ ಮುಟ್ಟಿ ನೋಡಬೇಕು. ಬಿಸಿಯಿದ್ದರೆ, ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿ ಏನನ್ನೋ ಮುಚ್ಚಿಟ್ಟಿದ್ದಾರೆ. ಇಷ್ಟನ್ನೂ ಬಾಯಿಪಾಠ ಮಾಡಿಕೊಂಡು ತೆಕ್ಕಟ್ಟೆಗೆ ಹೋದೆವು. ಮುಂಬೈಯಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿದ್ದ ಸುಧಾಕರ ಎಂಬವರ ಅಂಗಳದಲ್ಲಿ ಮಾರಾಟದ ಕೆಂಪು ಕಾರು ನಿಂತಿತ್ತು. ನೋಡಿದ್ದೇ ತಡ, ನೆಟ್ಟಗೆ ಅದರ ಬಳಿಗೇ ನಡೆದೆ. ಬಾನೆಟ್ ಮುಟ್ಟಿದೆ. ಸುಡುತ್ತಿತ್ತು! ಆದರೆ ಮಟಮಟ ಮಧ್ಯಾಹ್ನದ ಬಿಸಿಲಿಗೆ ನನ್ನ ತಲೆಯೂ ಅಷ್ಟೇ ಸುಡುತ್ತಿತ್ತು. ಇದು ಮೋಸದ ಬಿಸಿಯೋ ಸೂರ್ಯನ ಬಿಸಿಯೋ? ವಿಡಿಯೋದವನು ಅದನ್ನು ಹೇಳಿರಲಿಲ್ಲ.

ತಪ್ಪು ಮಾಡಿದ್ದು ಆಮೇಲೆ. ಬೆಲ್ಲ, ನೀರು ಕೊಟ್ಟರು. ನಮ್ಮ ಕಡೆಯವರಿಗೆ "ನಿಮ್ದ್ ಮೂಲ ಯಾವೂರಾಯ್ತ್?" ಎಂದು ಕೇಳದೆ ನೀರು ಗಂಟಲಲ್ಲಿ ಇಳಿಯುವುದಿಲ್ಲವಲ್ಲ, ಕೇಳಿಯೇಬಿಟ್ಟೆ. ಬೈಂದೂರು ಎಂದರು. ಸುಜಾತಳ ಕಿವಿ ನೆಟ್ಟಗಾಯಿತು. ಅವಳ ದೊಡ್ಡಮ್ಮನನ್ನು ಕೊಟ್ಟಿದ್ದೂ ಬೈಂದೂರಿಗೇ. ಇಬ್ಬರೂ ಯಾರ‍್ಯಾರದೋ ಅಜ್ಜಿಯನ್ನು ಹಿಡಿದು ಮೇಲೆ ಹತ್ತಿ, ಇನ್ನಾರದೋ ಮಾವನನ್ನು ಹಿಡಿದು ಕೆಳಗಿಳಿದರು. ಇಳಿಯುವಷ್ಟರಲ್ಲಿ ಸುಧಾಕರ ಅವಳಿಗೆ ಅಣ್ಣ, ನನಗೆ ಭಾವ! ಹೇಗೆಂದು ನನಗೆ ಈಗಲೂ ಅರ್ಥವಾಗಿಲ್ಲ. "ಉಂಡ್ಕಂಡೇ ಹೋಯ್ಕ್" ಎಂದು ಕುಚ್ಚಲಕ್ಕಿ ಅನ್ನ, ಬಂಗುಡೆ ಮೀನಿನ ಸಾರು ಬಡಿಸಿದರು.

ಉಂಡ ಮನೆಗೆ ಎರಡು ಬಗೆಯಬಾರದು. ಬಂಗುಡೆ ತಿಂದ ಬಾಯಲ್ಲಿ "ನಿಮ್ಮ ಕಾರು ಎಲ್ಲಿ ಗುದ್ದಿದೆ?" ಎಂದು ಕೇಳುವುದು ಹೇಗೆ? ಹಿರಿಯರ ಆರೋಗ್ಯ ವಿಚಾರಿಸುವವನಂತೆ, "ಇದ್ಕೆ ಬೆಳ್ಗಾತ ಎಂತಾರೂ ಹುಷಾರಿಲ್ದೆ ಆತ್ತಾ?" ಎಂದೆ. ಸುಧಾಕರ ಹೋಗಿ ಸ್ಟಾರ್ಟ್ ಮಾಡಿದರು. ಹೊಗೆ ಬಂತು. ನಾನು ಬಿಳಿ ಎಂದೆ, ಸುಜಾತ ನೀಲಿ ಎಂದಳು. ದಿನವಿಡೀ ಸೀರೆಯ ಬಣ್ಣ ವಿವರಿಸುವ ನನಗೆ ಒಂದು ಹೊಗೆಯ ಬಣ್ಣ ತಿಳಿಯಲಿಲ್ಲ.

ಸುಧಾಕರ ಇಳಿದು ಬಂದು ನನ್ನ ಕೈ ಹಿಡಿದುಕೊಂಡರು. "ಭಾವಾ, ಹೊರ್ಗಿನರ್ ಆಗಿದ್ರೆ ಬಾಯ್ ಮುಚ್ಕಂಡ್ ಕೊಡ್ತಿದ್ದೆ. ನಿಮ್ಗ್ ಹ್ಯಾಂಗ್ ಕೊಡುದ್? ಕ್ಲಚ್ ಹೋಪುಕಾಯ್ತ್. ತಳ ತುಕ್ಕ್ ಹಿಡ್ದಿತ್. ನಾಳೆ ನೆಂಟ್ರ್ ಮದಿ ಮನಿಯಗೆ ಸಿಕ್ರೆ ನಿಮ್ಗ್ ಮುಖ ತೋರ್ಸುದ್ ಹ್ಯಾಂಗೆ?"

ನನಗೆ ಗಾಬರಿಯಾಯಿತು. "ಕಡಲ್ ಗಾಳಿಗ್ ತುಕ್ಕ್ ಹಿಡಿದೆ ಇಪ್ಪುದ್ ಎಂತ ಇತ್ತ್ ಮಾರಾಯ್ರೆ? ಕ್ಲಚ್ ಎಲ್ಲಾ ಕಾರಿಗೂ ಹಾಂಗೇ" ಎಂದು ವಾದಕ್ಕೆ ನಿಂತೆ. ಮಾರುವವನು ಕಾರನ್ನು ಬೈಯುತ್ತಿದ್ದಾನೆ, ಕೊಳ್ಳುವವನು ಹೊಗಳುತ್ತಿದ್ದಾನೆ! "ಕೈ ಮುಗಿತೆ ಭಾವಾ, ಬ್ಯಾಡ" ಎಂದರು ಸುಧಾಕರ. "ಅಣ್ಣನೇ ಬ್ಯಾಡ ಅಂಬ್ರ್. ಹೋಪ, ಏಳಿ" ಎಂದಳು ಸುಜಾತ. ಅಲ್ಲಿಗೆ ನನ್ನ ಒಂದೇ ಅವಕಾಶ ಮುಗಿಯಿತು. ನಿಜ ಹೇಳುತ್ತೇನೆ, ಬಸ್ರೂರಿನ ನಮ್ಮ ಮನೆ ಮುಟ್ಟುವವರೆಗೂ ನನ್ನ ಬಾಯಿಯನ್ನು ನಾನೇ ಬೈದುಕೊಂಡೆ. ಊರು ಯಾವುದೆಂದು ಕೇಳದಿದ್ದರೆ ಆ ಕಾರು, ತುಕ್ಕಿನ ಸಮೇತ, ನನ್ನದಾಗಿರುತ್ತಿತ್ತು.

ಮುಂದಿನ ಭಾನುವಾರ ಹೊಸ ನೆಂಟರು ನಮ್ಮಲ್ಲಿಗೆ ಊಟಕ್ಕೆ ಬಂದರು, ಅದೇ ಕೆಂಪು ಕಾರಿನಲ್ಲಿ. ಉಂಡು ಹೊರಟಾಗ ಅದು ಸ್ಟಾರ್ಟ್ ಆಗಲಿಲ್ಲ. ಭಾವ ಸ್ಟೀರಿಂಗ್ ಹಿಡಿದು ಕುಳಿತರು. ನಾನು ಮೊಣಕಾಲು ನೋವನ್ನು ಮರೆತು ಹಿಂದಿನಿಂದ ತಳ್ಳಿದೆ. ಬೇಲಿಯಾಚೆಯಿಂದ ಪಕ್ಕದ ಮನೆಯವರು, "ಹ್ವಾಯ್, ಕಡಿಗೂ ಕಾರ್ ತಕಂಡ್ರಿಯಾ?" ಎಂದು ಕೂಗಿದರು. ಅಷ್ಟರಲ್ಲಿ ಎಂಜಿನ್ ಗುರ‍್ರೆಂದು, ಹೊಗೆಯೆಲ್ಲ ನನ್ನ ಮುಖಕ್ಕೇ ಹೊಡೆಯಿತು.

"ಈಗಾರೂ ಗೊತ್ತಾಯ್ತಾ, ಬಿಳಿಯಾ ನೀಲಿಯಾ?" ಎಂದು ಸುಜಾತ ಜಗಲಿಯಿಂದ ಕೇಳಿದಳು.

ಹೇಳಬಹುದಿತ್ತು. ಆದರೆ ಹೊಗೆ ಹತ್ತಿರ ಬರುತ್ತಿದ್ದಂತೆ ನಾನು ಕಣ್ಣು ಮುಚ್ಚಿಕೊಂಡಿದ್ದೆ.