ಕನ್ನಡಕ ತೆಗೆಸಿದ ಮೇಲೆ

ಇಪ್ಪತ್ತೈದು ವರ್ಷದ ಹಿಂದಿನ ಸಂಗತಿ, ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ನಮ್ಮ ಮನೆಯಲ್ಲಿ ಯಾರ ದನಿ ದೊಡ್ಡದೋ ಅವರ ನೆನಪೇ ಖಾಯಂ. ಮದುವೆಗೆ ಮುಂಚೆ ನನಗೆ ಮೈನಸ್ ಹನ್ನೊಂದರ ಕನ್ನಡಕವಿತ್ತು ಎಂದರೆ ಫರೀದಾಬಾದಿನ ಚಿಕ್ಕಮ್ಮ, "ಅಷ್ಟೆಲ್ಲ ಎಲ್ಲಿತ್ತೇ, ಏನೋ ಚೂರು ಮಂಜು" ಎನ್ನುತ್ತಾರೆ. ಸಾಕ್ಷಿ ತೋರಿಸೋಣವೆಂದರೆ ಆಲ್ಬಮ್ಮಿನಲ್ಲಿ ಕನ್ನಡಕದ ಒಂದು ಫೋಟೊ ಕೂಡ ಇಲ್ಲ. ಕ್ಯಾಮೆರಾ ಕಂಡರೆ ಸಾಕು, ಯಾರಾದರೂ "ತೆಗಿಯೇ ಅದನ್ನ" ಎಂದು ಕಿತ್ತುಕೊಳ್ಳುತ್ತಿದ್ದರು. ಹಾಗಾಗಿ ಎಲ್ಲ ಫೋಟೊಗಳಲ್ಲೂ ನಾನು ಪಕ್ಕದ ಬೀರುವಿಗೋ ಕಿಟಕಿಗೋ ಬಹಳ ಅಕ್ಕರೆಯಿಂದ ನಗುತ್ತಿದ್ದೇನೆ.

ಆಗ ನಾನು ದೆಹಲಿಯಲ್ಲಿ ಎಂ.ಎ. ಓದುತ್ತ ಚಿಕ್ಕಮ್ಮನ ಮನೆಯಲ್ಲಿದ್ದೆ. "ಗಂಡಿನ ಕಡೆಯವರು ಬಂದಾಗಲೆಲ್ಲ ಎಷ್ಟು ಸಲ ತೆಗೀತೀಯ? ಒಂದೇ ಸಲ ತೆಗೆಸಿಬಿಡೋಣ" ಎಂದು ಲೇಸರ್ ಆಸ್ಪತ್ರೆ ಹುಡುಕಿದವರು ಅವರೇ. ಲೇಸರ್ ಆದ ಮರುದಿನ ಕನ್ನಡಕವಿಲ್ಲದೆ ಎದುರು ಅಂಗಡಿಯ ಬೋರ್ಡು ಓದಿ ನಾನು ಖುಷಿಗೆ ಅತ್ತುಬಿಟ್ಟೆ. ಅದೇ ಕೊನೆಯ ಧಾರಾಳ ಅಳು ಇರಬೇಕು. ಆಮೇಲೆ ಲೇಸರಿನ ದೆಸೆಯಿಂದ ಕಣ್ಣೀರೇ ಒಣಗಿತು. ಈಗ ಸಾವಿನ ಮನೆಯಲ್ಲಿ ಒಣಕಣ್ಣಲ್ಲಿ ಕೂತು ಕಲ್ಲುಹೃದಯದವಳು ಅನ್ನಿಸಿಕೊಳ್ಳುತ್ತೇನೆ, ನಾಮಕರಣದ ಮನೆಯಲ್ಲಿ ಡ್ರಾಪ್ಸ್ ಹಾಕಿಕೊಂಡು ಒದ್ದೆಕಣ್ಣಲ್ಲಿ ಕೂತು, ಗಂಡನ ಜೊತೆ ಏನೋ ಸರಿಯಿಲ್ಲ ಅನ್ನಿಸಿಕೊಳ್ಳುತ್ತೇನೆ. ರಾತ್ರಿ ಘಾಜಿಯಾಬಾದಿನ ಹೆದ್ದಾರಿಯಲ್ಲಿ ಎದುರು ಬರುವ ಪ್ರತಿ ಲಾರಿಗೂ ಪ್ರಭಾವಳಿ, ಕೈಮುಗಿಯುವುದೊಂದೇ ಬಾಕಿ. ಹೋದ ನಂಬರು ಸದ್ದಿಲ್ಲದೆ ಮೈನಸ್ ಮೂರರವರೆಗೆ ವಾಪಸು ಬಂದಿದೆ. ಹತ್ತಿರಕ್ಕೆ ಬೇರೆ ಕನ್ನಡಕ. ವರ್ಷಕ್ಕೊಮ್ಮೆ ಕಣ್ಣಿನ ಹಿಂಭಾಗದ ತಪಾಸಣೆ ಬೇರೆ. ಡಾಕ್ಟರಮ್ಮ ಪ್ರತಿಸಲ, "ತಿದ್ದಿದ್ದು ಮುಂದಿನ ಪರದೆ ಮಾತ್ರ, ಒಳಗಿನ ಕಣ್ಣು ಹಳೇದೇ" ಎನ್ನುತ್ತಾರೆ.

ಆ ಹಳೆಯ ಕಣ್ಣನ್ನೇ ನನ್ನ ಮಗಳು ನಿಧಿಗೂ ಕೊಟ್ಟಿದ್ದೇನೆ. ಅವಳಿಗೀಗ ಇಪ್ಪತ್ತು, ನಂಬರು ಮೈನಸ್ ಒಂಬತ್ತು. ಹೋದ ಭಾನುವಾರ ಬಂದ ಚಿಕ್ಕಮ್ಮ ಸೋಫಾದಲ್ಲಿ ಕೂತವರೇ, "ಶನಿವಾರ ಲೇಸರಿಗೆ ಅಪಾಯಿಂಟ್‌ಮೆಂಟ್ ತಗೊಂಡಿದೀನಿ ಪುಟ್ಟಿ. ನಿಮ್ಮಮ್ಮಂದು ನಾನೇ ಮಾಡಿಸಿದ್ದು, ಒಂದೇ ದಿನದಲ್ಲಿ ಎದ್ದು ಓಡಾಡಿದ್ಲು" ಎಂದರು.

"ಮತ್ತೆ ಮಮ್ಮಾಗೆ ಈಗ ಚಶ್ಮಾ ಯಾಕೆ, ನಾನಿ?" ದೆಹಲಿಯಲ್ಲಿ ಬೆಳೆದ ನಿಧಿಗೆ ಅಜ್ಜಿ ಎಂದರೆ ನಾನಿ.

"ಅದು ವಯಸ್ಸಿಂದು. ನಂಗಿಲ್ವಾ?"

ನಿಧಿ ನನ್ನ ಕಡೆ ತಿರುಗಿದಳು. "ಮಮ್ಮಾ, ಸಚ್ಚಿ ಹೇಳು. ಮಾಡಿಸ್ಲಾ, ಬೇಡ್ವಾ? ನಿಂಗೆ ಡಾಕ್ಟರ್ ಅವತ್ತು ಏನ್ ಹೇಳಿದ್ರು?"

ನನಗೇನೂ ಹೇಳಿರಲಿಲ್ಲ. ಕಣ್ಣಿಗೆ ಔಷಧಿ ಬಿಟ್ಟು ಬೆಂಚಿನ ಮೇಲೆ ಕೂರಿಸಿದ್ದರು. ಎದುರಿನ ಗೋಡೆಯೂ ಕಾಣುತ್ತಿರಲಿಲ್ಲ. ಡಾಕ್ಟರು ಚಿಕ್ಕಮ್ಮನನ್ನು ಒಳಗೆ ಕರೆದು ತುಂಬ ಹೊತ್ತು ಮಾತಾಡಿದರು. ಬಾಗಿಲು ಹಾಕಿದ್ದರು ಎಂಬುದು ನಾನು ಆಮೇಲೆ ಸೇರಿಸಿಕೊಂಡದ್ದೂ ಇರಬಹುದು. ಹೊರಗೆ ಬಂದ ಚಿಕ್ಕಮ್ಮ, "ಎಲ್ಲಾ ಸರಿಯಾಗತ್ತಂತೆ, ಚಲೋ, ಸೈನ್ ಮಾಡು" ಎಂದರು. ಒಪ್ಪಿಗೆ ಪತ್ರದಲ್ಲಿ ಅವರು ಬೆರಳಿಟ್ಟು ತೋರಿಸಿದ ಕಡೆ ಎಂ.ಎ. ಓದುತ್ತಿದ್ದ ನಾನು ಸೈನ್ ಮಾಡಿದೆ.

ಮಗಳ ಪ್ರಶ್ನೆಯನ್ನು ಚಿಕ್ಕಮ್ಮನ ಕಡೆಗೇ ತಿರುಗಿಸಿದೆ. ಅವರು ಬ್ಯಾಗಿನಲ್ಲಿ ಮೆಟ್ರೋ ಕಾರ್ಡು ಹುಡುಕತೊಡಗಿದರು. ನಾಳೆ ಶನಿವಾರ, ಇನ್ನೂ ಉತ್ತರ ಬಂದಿಲ್ಲ. ನಾನು ಕೇಳಿದ್ದು ಇಷ್ಟೇ: "ಚಿಕ್ಕಮ್ಮ, ಇಷ್ಟು ದೊಡ್ಡ ನಂಬರು ಮತ್ತೆ ವಾಪಸು ಬರಬಹುದು ಅಂತ ಅವರು ನಿಮಗೆ ಅವತ್ತೇ ಹೇಳಿದ್ರಾ?"