ಕೊನೆಯ ಮಾತು ನುಂಗುವ ಮಾಮಾ

ನಮ್ಮ ಮಾಮಾಗೆ ಬಟಾಟೆ, ಅದೇ ಆಲೂಗಡ್ಡೆ, ಕೊಳ್ಳಲು ಬರುವುದಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಮನೆಮಾತು ಕನ್ನಡವಾದರೂ ಪುಣೆಯಲ್ಲೇ ಹುಟ್ಟಿ ಬೆಳೆದು, ರಾಂಜಣಗಾಂವದ ಕಾರ್ಖಾನೆಯೊಂದರಲ್ಲಿ ಕಾರಕೂನರಾಗಿದ್ದು ನಿವೃತ್ತರಾದ ಮನುಷ್ಯ! ಬಟಾಟೆ ಎಂಬ ಹೆಸರು ಯಾವ ದ್ವೀಪದಲ್ಲಿ ಹುಟ್ಟಿತು, ಪೋರ್ಚುಗೀಸರ ಹಡಗು ಹತ್ತಿ ಹೇಗೆ ಇಲ್ಲಿಗೆ ಬಂದಿಳಿಯಿತು, ಎಲ್ಲ ಅವರಿಗೆ ಬಾಯಿಪಾಠ. ಆದರೆ ಅರ್ಧ ಕಿಲೋ ತನ್ನಿ ಎಂದು ಕಳಿಸಿದರೆ ಖಾಲಿ ಚೀಲ ಜೋಲಾಡಿಸಿಕೊಂಡು ವಾಪಸ್ಸು. ಯಾಕೆ ಅಂತೀರಾ? ಹೇಳುತ್ತೇನೆ, ಸ್ವಲ್ಪ ತಡೆಯಿರಿ.

ಮಾಮಾ ಎಂದರೆ ನನ್ನ ತಾಯಿಯ ತಮ್ಮ. ಯಾವ ಮಾತು ಕಿವಿಗೆ ಬಿದ್ದರೂ ಅದರ ಹುಟ್ಟೂರು ಹುಡುಕದೆ ಅವರಿಗೆ ಊಟ ಸೇರದು. ನನ್ನ ನಿಶ್ಚಿತಾರ್ಥದ ದಿನ ಹೊಸ ಅಂಗಿಗೆ ಇಸ್ತ್ರಿ ಮಾಡುತ್ತ ನಿಂತಿದ್ದರು. ಬೀಗರು ಬಂದರು. ‘ಇಸ್ತ್ರಿ ಅನ್ನೋದು ನಮ್ಮ ಮಾತಲ್ರಿ, ಪೋರ್ಚುಗೀಸರದು!’ ಎಂದು ಇಸ್ತ್ರಿ ಪೆಟ್ಟಿಗೆಯನ್ನು ಅಂಗಿಯ ಮೇಲೇ ಬಿಟ್ಟು ಶುರು ಮಾಡಿದರು. ಬೀಗರು ಮೂಗು ಮುಚ್ಚಿಕೊಂಡು ಕೇಳಿದರು. ಮಾತಿನ ಮೂಲವೇನೋ ಸಿಕ್ಕಿತು, ಅಂಗಿಯ ಬೆನ್ನು ಮಾತ್ರ ಸಿಗಲಿಲ್ಲ!

ಇಂಥವರ ಜೊತೆ ಮಾಮಿ ಹೇಗೆ ಸಂಸಾರ ಮಾಡಿದರು? ಬೈದೇ ಮಾಡಿದರು! ಊಟವಾದ ಮೇಲೆ ಅಡಕಿತ್ತಾ ಹಿಡಿದು ಕಟಕಟ ಅಡಿಕೆ ಕತ್ತರಿಸುತ್ತ ಕೂತರೆಂದರೆ, ಅಡಿಕೆಗಿಂತ ಚೂರಾಗುತ್ತಿದ್ದವರು ಮಾಮಾ. ಒಮ್ಮೆ ಇಬ್ಬರೂ ಮದುವೆ ಮನೆಯಿಂದ ದಣಿದು ಬಂದಿದ್ದಾರೆ, ಜೊತೆಗೆ ನಾನು. ಬಾಗಿಲಿಗೆ ಬೀಗ. ಮಾಮಾ ಎಲ್ಲ ಕಿಸೆ ತಡಕಾಡಿದರು, ಕೀಲಿ ಇಲ್ಲ. ಮುಖ ಸಪ್ಪಗಾಗಬೇಕಲ್ಲ? ಅರಳಿತು!

‘ಚಾವಿ ಅನ್ನೋ ಮಾತು ಎಲ್ಲಿಂದ ಬಂತು ಗೊತ್ತದೇನು?’

‘ಎಲ್ಲಿಂದ ಬಂತು ಅನ್ನೋದು ಇರ್ಲಿ, ಎಲ್ಲಿ ಹೋತು ಅದನ್ನ ಹೇಳ್ರಿ!’ ಎಂದರು ಮಾಮಿ. ಅಕ್ಕಪಕ್ಕದ ಮನೆಯವರೂ ಸೇರಿ ಇಡೀ ವಾಡೆ ನಕ್ಕಿತು.

ಆ ಬಾಯಿ ಹೋದ ವರ್ಷ ನಿಂತುಹೋಯಿತು. ಪಾರ್ಶ್ವವಾಯು. ಬಲಗೈ ಸೋತಿತು, ಅಡಕಿತ್ತಾ ಡಬ್ಬಿ ಸೇರಿತು. ಮಾಮಿಗೆ ಎಲ್ಲ ತಿಳಿಯುತ್ತದೆ, ವಸ್ತು ಕಣ್ಣೆದುರಿಗೇ ಇರುತ್ತದೆ, ಹೆಸರು ಮಾತ್ರ ನಾಲಿಗೆಗೆ ಬರುವುದಿಲ್ಲ. ಡಾಕ್ಟರು ಮಾಮಾಗೆ ಹೇಳಿದರು: ‘ಮಾತು ಹತ್ತಿರ ಬರೋ ತನಕ ಸುಳಿವು ಕೊಡಿ. ಆದರೆ ಕೊನೆಯ ಮಾತು ನೀವು ಹೇಳಬೇಡಿ. ಅವರೇ ಹೇಳಲಿ. ಎಷ್ಟು ಹೊತ್ತಾದರೂ ಕಾಯಿರಿ.’

ಮಾಮಾ ಸುಮ್ಮನೆ ಕಾಯುವುದೇ! ಆದರೆ ಕಾದರು ನೋಡಿ. ಮುಂಜಾನೆ ಕಪ್-ಬಸಿ ಎದುರಿಗಿಟ್ಟುಕೊಂಡು, ‘ಚೀನಾದವರು ಎಲಿ ಕುದಿಸಿದ್ರು, ಇಂಗ್ಲಿಷರು ಹಾಲು ಹಾಕಿದ್ರು, ನಾವು ಶುಂಠಿ ಜಜ್ಜಿ ಹಾಕಿದ್ವಿ, ಅದಕ್ಕ ಏನಂತಾರಪಾ ಅಂದ್ರ...’ ಎಂದು ಗಪ್ಪನೆ ನಿಲ್ಲಿಸುತ್ತಾರೆ. ಮಾಮಿಯ ತುಟಿ ಅಲ್ಲಾಡುತ್ತದೆ. ‘ಚ... ಚ... ಚಹಾ.’ ಅಷ್ಟೊತ್ತಿಗೆ ಅದು ತಣ್ಣಗಾಗಿರುತ್ತದೆ. ಇಬ್ಬರೂ ಅದನ್ನೇ ಸೊರ್ರನೆ ಹೀರಿ ಖುಷಿಪಡುತ್ತಾರೆ.

ಈ ರೂಢಿ ಮನೆಯೊಳಗಷ್ಟೇ ಇದ್ದಿದ್ದರೆ ಸರಿ. ಬೀದಿಗೂ ಬಂತು! ಕಾಯಿಪಲ್ಲೆಯವನ ಮುಂದೆ ನಿಂತು ದ್ವೀಪ, ಹಡಗು, ಪೋರ್ಚುಗೀಸರು ಎಲ್ಲ ಹೇಳಿ, ಕೊನೆಯ ಮಾತು ನುಂಗಿ ಅವನ ಮುಖವನ್ನೇ ನೋಡುತ್ತಾರೆ. ಅವನು, ‘ಅಹೋ ಕಾಕಾ, ಬಟಾಟಾ! ಕಿತೀ ದೇಊ?’ ಎಂದು ಎಷ್ಟು ಕೊಡಲಿ ಅಂತ ಕೇಳುತ್ತಾನೆ. ಆ ಉತ್ತರ ಕೇಳಿದ್ದೇ ಮಾಮಾಗೆ ಪರಮಾನಂದ. ‘ಶಾಬ್ಬಾಸ್!’ ಎಂದು ಅವನ ಬೆನ್ನು ತಟ್ಟಿ ಮನೆಗೆ ಬಂದುಬಿಡುತ್ತಾರೆ. ಬಟಾಟೆ ಅಲ್ಲೇ!

ಅಷ್ಟರಲ್ಲಿ ಮರಾಠಿ ಟೀವಿಯೊಂದರಲ್ಲಿ ಅಪರೂಪದ ಮಾತುಗಳ ಮೂಲ ಹೇಳುವ ಕ್ವಿಜ್ ಶುರುವಾಯಿತು. ‘ನನ್ನ ತಲಿ ತಿನ್ನಬ್ಯಾಡ್ರಿ, ಟೀವಿಗೆ ಹೋಗಿ ಹೇಳ್ರಿ’ ಎಂದು ಮಾಮಿ ಎಷ್ಟೋ ಸಲ ಗದರಿದ್ದುಂಟು. ಮಾಮಾ ಟೀವಿಯಲ್ಲಿ ಗೆದ್ದುಬಂದರೆ ಆಕೆಯ ಮುಖದಲ್ಲಿ ನಗು ಕಂಡೀತು ಎಂದು ನಾನೇ ಅವರ ಹೆಸರು ಕೊಟ್ಟೆ. ಆಯ್ಕೆಯಾಯಿತು. ಮಾಮಾ ಒಂದೇ ಕರಾರು ಹಾಕಿದರು: ‘ಆಕಿ ನನಗ ಕಾಣೋ ಹಂಗ ಮುಂದ ಕೂಡಬೇಕು.’

ಮೊದಲ ಸುತ್ತುಗಳಲ್ಲಿ ಬರೀ ಗುಂಡಿ ಒತ್ತುವ ಕೆಲಸ. ಮಾಮಾ ಪಟಪಟ ಒತ್ತಿ ಕೊನೆಯ ಸುತ್ತಿಗೆ ಬಂದರು. ಎದುರಾಳಿ ಒಬ್ಬ ವಕೀಲರು, ಕೂದಲೆಳೆಯಷ್ಟು ಮುಂದಿದ್ದರು. ಈಗ ಬಾಯಿಂದಲೇ ಹೇಳಬೇಕು, ಗಂಟೆ ಬಾರಿಸುವುದರೊಳಗೆ. ಇದೊಂದು ಹೇಳಿದರೆ ಮಾಮಾ ಗೆದ್ದಂತೆ.

ನಿರೂಪಕಿ ಕೇಳಿದಳು: ‘ಎಲೆಯಡಿಕೆ ಡಬ್ಬಿಯಲ್ಲಿರುತ್ತಿತ್ತು, ಈಗ ಮನೆಗಳಲ್ಲಿ ಕಾಣುವುದೇ ಅಪರೂಪ. ಮರಾಠಿಗೆ ಅದರ ಹೆಸರು ಕನ್ನಡದಿಂದ ಬಂದಿದೆ. ಯಾವುದದು?’

ಅಯ್ಯೋ, ನಮ್ಮ ಮನೆಯದೇ ಪ್ರಶ್ನೆ! ಮಾಮಾ ಮುಖವರಳಿಸಿ ಮರಾಠಿಯಲ್ಲಿ ಶುರು ಮಾಡಿದರು. ಅಡಿಕೆ ತಿನ್ನುವ ನಮ್ಮ ಮಂದಿ ಭೀಮಾ ನದಿ ದಾಟಿ ಬಂದದ್ದು, ಡಬ್ಬಿಯಲ್ಲಿ ಆ ಎರಡು ದವಡೆಯ ಸಾಮಾನು ತಂದದ್ದು, ಇಲ್ಲಿಯವರು ಅದರ ಹೆಸರನ್ನು ತಮ್ಮ ಬಾಯಿಗೆ ಒಗ್ಗಿಸಿಕೊಂಡದ್ದು... ‘ಅದಕ್ಕೆ ಇಲ್ಲಿ ಏನಂತಾರೆ ಅಂದರೆ...’

ನಿಲ್ಲಿಸಿಬಿಟ್ಟರು! ಕಣ್ಣು ಮಾಮಿಯ ಮೇಲೆ.

ನನ್ನ ಪಕ್ಕದಲ್ಲಿ ಮಾಮಿಯ ತುಟಿ ಅಲ್ಲಾಡುತ್ತಿತ್ತು. ಪಿಸುಗುಟ್ಟಿಬಿಡಲೇ ಎನಿಸಿತು. ಹಲ್ಲು ಕಚ್ಚಿ ಕೂತೆ. ಗಂಟೆ ಹೊಡೆಯಿತು. ವಕೀಲರನ್ನು ಕೇಳಿದರು, ಅವರೂ ಗೊತ್ತಿಲ್ಲವೆಂದು ತಲೆ ಅಲ್ಲಾಡಿಸಿದರು. ಆಗ ಮಾಮಿ ಎಡಗೈ ಎತ್ತಿ ಕೂಗಿದರು: ‘ಅಡ... ಅಡಕಿತ್ತಾ!’

‘ಬರೋಬರ್!’ ಎಂದು ಮಾಮಾ ಕೊರಳಿನ ಮೈಕಿನ ಸಮೇತ ವೇದಿಕೆಯಿಂದ ಇಳಿದೇಬಿಟ್ಟರು. ಸಭಿಕರ ಉತ್ತರ ನಡೆಯುವುದಿಲ್ಲ ಎಂದು ನಿರೂಪಕಿ ನಗುತ್ತ ಹೇಳುತ್ತಿದ್ದಳು. ಯಾರಿಗೆ ಬೇಕಿತ್ತು? ಕಾಯಿಲೆಯಾದ ಮೇಲೆ ಮೊದಲ ಸಲ ಮಾಮಿ ಮನೆಯ ಹೊರಗೆ, ಅಷ್ಟು ಜನರೆದುರು, ಬಾಯಿ ಬಿಟ್ಟಿದ್ದರು. ನಾನಂತೂ ಗಳಗಳ ಅತ್ತೆ.

ರಿಕ್ಷಾದಲ್ಲಿ ಕೇಳಿದೆ: ‘ಮಾಮಾ, ಮರೆತ್ರೇನು?’

‘ಮರೀಲಿಕ್ಕೆ ಏನದ ಯವ್ವಾ? ಆಕಿ ತುಟಿ ಅಲ್ಲಾಡೋದು ಕಂಡ್ತು. ನಡುವ ನಾ ಹೆಂಗ ಬಾಯಿ ಹಾಕ್ಲಿ?’

ಮನೆ ಬಂತು. ಬಾಗಿಲ ಮುಂದೆ ಮಾಮಾ ಕಿಸೆಗೆ ಕೈ ಹಾಕಿದರು. ಕೀಲಿ ಸಿಕ್ಕಿದ್ದು ನನಗೆ ಕಂಡಿತು. ಅದನ್ನು ಮುಷ್ಟಿಯಲ್ಲಿ ಮುಚ್ಚಿ ಬೆನ್ನ ಹಿಂದೆ ಹಿಡಿದು, ಮಾಮಿಯ ಕಡೆ ತಿರುಗಿದರು.

‘ಚಾವಿ ಅನ್ನೋ ಮಾತು ಎಲ್ಲಿಂದ ಬಂತು ಗೊತ್ತದೇನು?’

ಮಾಮಿ ಅವರನ್ನೇ ದಿಟ್ಟಿಸಿದರು. ತುಟಿ ನಡುಗಿತು. ನಾವಿಬ್ಬರೂ ಕಾದೆವು.

‘ಎಲ್ಲಿ... ಹೋತು... ಅದನ್ನ... ಹೇಳ್ರಿ!’

ಮಾಮಾನ ಕಣ್ಣಲ್ಲಿ ದಳದಳ ನೀರು. ಮುಷ್ಟಿ ಮಾತ್ರ ಬಿಚ್ಚಲಿಲ್ಲ.

‘ಬೈಯಿ,’ ಎಂದರು, ‘ಇನ್ನೊಮ್ಮೆ ಬೈಯಿ.’